ಒಂದು ತಂಬಿಗೆ ತಣ್ಣೀರು

(ಮತ್ತಾಯನು ಬರೆದ ಸುವಾರ್ತೆ, 10ನೆಯ ಅಧ್ಯಾಯ, 42ನೆಯ ವಚನ)



ನಮ್ಮ ಕರ್ತನಾದ ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಅವರಿಗೆ ಹೇಳಿದ ಬುದ್ಧಿಮಾತುಗಳು ಮೇಲೆ ಹೇಳಿದ ಅಧ್ಯಾಯದಲ್ಲಿ ಬರೆದಿರುತ್ತವೆ. ಅದರಲ್ಲಿ ಕತ್ತಿಯ ಮಾತುಂಟು, ಶಿಲುಬೆಯ ಮಾತುಂಟು, ತಂದೆಮಕ್ಕಳು ಒಬ್ಬರನ್ನೊಬ್ಬರು ಅಗಲುವ ಮಾತುಂಟು. ಇಂಥ ಭಾರವಾದ ಮಾತುಗಳೆಲ್ಲಾ ಮುಗಿದ ಮೇಲೆ ಕರ್ತನು ಕಡೆಯ ವಚನದಲ್ಲಿ ಒಂದು ಪಾತ್ರೆ ತಣ್ಣೀರಿನ ಪ್ರಸ್ತಾಪವನ್ನು ಎತ್ತುತ್ತಾನೆ. ತನ್ನ ಶಿಷ್ಯರಲ್ಲಿ ಲೆಕ್ಕಕ್ಕೆ ಬಾರದ ಒಬ್ಬ ಚಿಕ್ಕವನಿಗೆ ಅಷ್ಟು ಮಾತ್ರ ಕೊಟ್ಟವನನ್ನು ಕೂಡ ದೇವರು ಮರೆಯುವದಿಲ್ಲವೆಂಬದು ಆ ವಚನದ ತಾತ್ಪರ್ಯವು.

ಕರ್ತನು ನೀರು ಎಂದು ಹೇಳಿ ಸುಮ್ಮನಾಗದೆ ತಣ್ಣೀರು ಎಂದು ಯಾಕೆ ಹೇಳಿದನು? ಈ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಬಹು ದಿವಸ ಇತ್ತು. ಪಾಲೆಸ್ತೀನ ದೇಶವು ನಮ್ಮ ಬಯಲುಸೀಮೆಯ ಹಾಗೆ ಬಿಸಿಲಿನ ದೇಶವು. ಬೆಳಿಗ್ಗೆ ಸೇದಿ ತಂದಿಟ್ಟ ನೀರು ಹೊತ್ತೇರುವಷ್ಟರಲ್ಲಿ ಬೆಚ್ಚಗಾಗುತ್ತದೆ. ತಣ್ಣೀರು ಬೇಕಾದರೆ ಒಬ್ಬರು ಎದ್ದು ಬಾವಿಗೆ ಹೋಗಬೇಕು, ಇಲ್ಲವೆ ಮೊದಲೇ ಚಿಂತೆಮಾಡಿ ಮಣ್ಣಿನ ಮಡಕೆಯನ್ನು ನೆರಳಿನಲ್ಲಿಟ್ಟು ಕಾಪಾಡಿರಬೇಕು. ಕೊಡುವವನು ಕುಳಿತಲ್ಲಿಂದ ಕೈಚಾಚಿ ಕೊಡುವದಕ್ಕೂ, ಬರುವವನ ಬಾಯಾರಿಕೆಯನ್ನು ನೆನಸಿ ಎದ್ದುಹೋಗಿ ತರುವದಕ್ಕೂ ಇರುವ ಭೇದವು ಆ ಒಂದು ಮಾತಿನಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಮಕ್ಕಳಿಗೆ ದಯೆಯನ್ನು ಕಲಿಸುವ ಕ್ರಮವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಆದರೆ ಇತರರಿಗೆ ಬುದ್ಧಿಹೇಳುವ ಮೊದಲು ನಮ್ಮ ಸ್ವಂತ ಮನೆಯ ಒಂದು ಸಂಗತಿಯನ್ನು ಒಪ್ಪಿಕೊಳ್ಳದೆ ಹೋದರೆ ನಮ್ಮ ಮನಸ್ಸಾಕ್ಷಿಯು ನಮ್ಮನ್ನು ಬಿಡುವದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಈಚಲು ಪೊರಕೆ ಮಾರುವ ಒಬ್ಬ ಮುದುಕಿಯು ನಮ್ಮ ಬಾಗಲಿಗೆ ಬಂದು, ಪೊರಕೆಯ ಹೊರೆಯನ್ನು ಇಳಿಸಿ, ಕುಡಿಯಲು ನೀರು ಬೇಡಿದಳು. ನಾವು ಮಂಚದ ಮೇಲೆ ಕುಳಿತು ಬರುವ ಆದಿತ್ಯವಾರದ ಪ್ರಸಂಗಕ್ಕಾಗಿ ಓದುತ್ತಿದ್ದೆವು. ಒಂಬತ್ತು ವರುಷದ ನಮ್ಮ ಮಗನಿಗೆ, ನೀರು ಕೊಡು ಎಂದು ಹೇಳಿದೆವು. ಹುಡುಗನು ಮರುಮಾತಿಲ್ಲದೆ ಎದ್ದು ಮಡಕೆಯಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೋದನು. ಅವನು ಮೆಟ್ಟಿಲ ಮೇಲೆ ನಿಂತನು; ಮುದುಕಿಯು ಕೆಳಗೆ ಬಗ್ಗಿ ಬೊಗಸೆಯನ್ನು ಬಾಯಿಗೆ ಹಿಡಿದಳು; ಅವನು ಮೇಲಿನಿಂದ ಹೊಯ್ದನು. ಅರ್ಧ ನೀರು ಅವಳ ಹೊಟ್ಟೆಗೆ ಸೇರಿತು, ಇನ್ನರ್ಧ ಮೊಳಕೈಯಿಂದ ಇಳಿದು ಸೀರೆಯನ್ನು ತೋಯಿಸಿತು. ಅಡಿಗೆಮನೆಯ ಹಲಗೆಯ ಮೇಲೆ ಐದು ಲೋಟಗಳು ಬೆಳಗಿಟ್ಟಂತೆಯೇ ಇದ್ದವು.

ಅವಳು ಹೋದ ಮೇಲೆ ನಾವು ಅವನನ್ನು ಹತ್ತಿರ ಕರೆದು, "ಮಗನೇ, ಲೋಟದಲ್ಲಿ ಯಾಕೆ ಕೊಡಲಿಲ್ಲ?" ಎಂದು ಕೇಳಿದೆವು. ಅವನು ನಮ್ಮ ಮುಖವನ್ನು ಆಶ್ಚರ್ಯದಿಂದ ನೋಡಿ, "ಅಂಥವರಿಗೆ ನೀವು ಹೀಗೇ ಕೊಡುತ್ತೀರಲ್ಲಾ, ಅಪ್ಪಾ!" ಎಂದನು.

ಆ ಮಾತಿನಲ್ಲಿ ಎದುರುತ್ತರದ ಧ್ವನಿಯಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದನು. 'ಅಂಥವರು' ಎಂಬ ಶಬ್ದವನ್ನು ನಾವು ಅವನಿಗೆ ಯಾವ ಪಾಠದಲ್ಲಿಯೂ ಕಲಿಸಿರಲಿಲ್ಲ. ಆದರೂ ಅವನು ಅದನ್ನು ನಮ್ಮಿಂದಲೇ ಕಲಿತಿದ್ದನು. ಇದರಲ್ಲಿ ಇನ್ನೊಂದು ನಾಚಿಕೆಯುಂಟು. ಅದಕ್ಕೆ ಎರಡು ವಾರ ಮುಂಚೆ ನಾವು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದ್ದೆವು. ದಣಿದು ಬಾವಿಯ ಬಳಿಯಲ್ಲಿ ಕುಳಿತಿದ್ದ ಕರ್ತನು ಸಮಾರ್ಯದ ಹೆಂಗಸಿನಿಂದ ನೀರು ಬೇಡಿದನು. ಸೇದುವದಕ್ಕೆ ಆತನ ಬಳಿ ಏನೂ ಇರಲಿಲ್ಲವಾದ್ದರಿಂದ ಅವಳ ಕೊಡದ ನೀರನ್ನೇ ಆತನು ಕುಡಿಯಬೇಕಾಗಿತ್ತು. ಆ ಕಾಲದ ಯೆಹೂದ್ಯರು ಸಮಾರ್ಯದವರ ಪಾತ್ರೆಯನ್ನು ಮುಟ್ಟುತ್ತಿರಲಿಲ್ಲ. ಇದೆಲ್ಲವನ್ನು ವಿಸ್ತಾರವಾಗಿ ಹೇಳಿದ್ದೆವು. ನಮ್ಮ ಮಗನು ಆ ಕಥೆಯನ್ನು ಮೊದಲಿನಿಂದ ಕಡೆಯ ತನಕ ತಪ್ಪಿಲ್ಲದೆ ಹೇಳಬಲ್ಲನು, ಪಾಠಶಾಲೆಯಲ್ಲಿ ಅದಕ್ಕೆ ಬಹುಮಾನವನ್ನೂ ಹೊಂದಿದ್ದಾನೆ.

ಹೀಗೆ ಹೊಯ್ಯುವ ನಾವು ಯಾರು? ನಮ್ಮ ತಾತನವರು ಊರ ದೊಡ್ಡವರ ಅಂಗಳದಾಚೆ ನಿಂತು ಇದೇ ರೀತಿಯಾಗಿ ಬೊಗಸೆಯೊಡ್ಡಿ ಕುಡಿದವರು. ಇದನ್ನು ಓದುವವರಲ್ಲಿಯೂ ಅನೇಕರ ಹಿರಿಯರು ಹಾಗೆಯೇ ಕುಡಿದಿದ್ದಾರೆ. ಡಾಕ್ಟರ್ ಭೀಮರಾವ್ ಅಂಬೇಡ್ಕರರು (1891–1956) ತಮ್ಮ ಬಾಲ್ಯದ ಶಾಲೆಯ ಸಂಗತಿಯನ್ನು ತಾವೇ ಬರೆದಿಟ್ಟಿದ್ದಾರೆ: ಅವರು ನಲ್ಲಿಯನ್ನು ಮುಟ್ಟಕೂಡದಾಗಿತ್ತು, ಜವಾನನು ಬಂದು ತಿರುಗಿಸಿದರೆ ನೀರು, ಜವಾನನಿಲ್ಲದ ದಿನ ಬಾಯಾರಿಕೆ. 1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಮನೆಯೊಳಗೆ ತಂಬಿಗೆಯನ್ನು ಹಿಡಿಯುವ ಒಂಬತ್ತು ವರುಷದ ಕೈಗೆ ವಿಧಿಯನ್ನು ಓದಿ ಹೇಳುವವರು ಯಾರು? ಆ ಕೈ ತನ್ನ ತಂದೆಯ ಕೈಯನ್ನು ಮಾತ್ರ ಓದುತ್ತದೆ.

ಇಸ್ರಾಯೇಲ್ಯರಿಗೆ ಮೋಶೆಯು ಮಕ್ಕಳ ಉಪದೇಶದ ವಿಷಯವಾಗಿ ಆಜ್ಞಾಪಿಸಿದ್ದನ್ನು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ನೋಡಿರಿ. ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಕಲಿಸಬೇಕೆಂದು ಅಲ್ಲಿದೆ. ವಾರಕ್ಕೊಮ್ಮೆ ಗಂಟೆ ಹೊಡೆದ ಮೇಲೆ ಕಲಿಸಬೇಕೆಂದಿಲ್ಲ. ನಾವು ಆದಿತ್ಯವಾರದ ಪಾಠಶಾಲೆಯನ್ನು ಹಗುರಮಾಡುವವರಲ್ಲ. ಅದರಲ್ಲಿಯೇ ಅಕ್ಷರ ಕಲಿತು ಈ ಕೆಲಸಕ್ಕೆ ಬಂದವರು. ಆದರೂ ಆರು ದಿವಸ ಮನೆಯು ಕಲಿಸಿದ್ದನ್ನು ಏಳನೆಯ ದಿವಸದ ಒಂದು ತಾಸು ಅಳಿಸಲಾರದು. ತಿಮೊಥೆಯ ನಂಬಿಕೆಯನ್ನು ಕುರಿತು ಬರೆಯುವಾಗ ಅಪೊಸ್ತಲನಾದ ಪೌಲನು ಅವನ ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನಿಕೆಯನ್ನೂ ಹೆಸರುಗೊಂಡು ಸ್ಮರಿಸುತ್ತಾನೆ. ನೂಲಿನಂತೆ ಸೀರೆಯೆಂಬ ನಮ್ಮವರ ಗಾದೆಯೂ ಇದನ್ನೇ ಹೇಳುತ್ತದೆ.

ಕೈಯಿಂದ ಕಲಿತ ದಯೆಗೆ ಸತ್ಯವೇದದಲ್ಲಿ ಒಂದು ಉತ್ತಮವಾದ ದೃಷ್ಟಾಂತವು ರೆಬೆಕ್ಕಳದು. ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಮದುವೆಯ ದಿನಗಳಲ್ಲಿ ಓದುತ್ತೇವೆ. ಆದರೆ ಆ ಹುಡುಗಿಯು ಹೊತ್ತ ನೀರನ್ನು ಲೆಕ್ಕಹಾಕಿದವರು ಸ್ವಲ್ಪ ಮಂದಿ. ಅಬ್ರಹಾಮನ ಸೇವಕನು ಅವಳಿಂದ ಬೇಡಿದ್ದು ಒಂದು ಗುಟುಕು ನೀರು. ಅವಳು ಅವನಿಗೆ ಕೊಟ್ಟ ಮೇಲೆ ಅವನ ಹತ್ತು ಒಂಟೆಗಳಿಗೂ ಸಾಕಾಗುವಷ್ಟು ಸೇದುವೆನೆಂದು ತಾನಾಗಿಯೇ ಒಪ್ಪಿಕೊಂಡಳು. ಬಾಯಾರಿದ ಒಂಟೆಯು ಒಂದೇ ಸಲಕ್ಕೆ 100 ಲೀಟರಿನ ಆಸುಪಾಸು ಕುಡಿಯಬಲ್ಲದೆಂದು ಆ ಪ್ರಾಣಿಯನ್ನು ಬಲ್ಲವರು ಹೇಳುತ್ತಾರೆ. ಅವುಗಳು ಅದರಲ್ಲಿ ಅರ್ಧವನ್ನೇ ಕುಡಿದವೆಂದು ಎಣಿಸಿದರೂ ಹತ್ತಕ್ಕೆ 500 ಲೀಟರು. ನಮ್ಮ ಹೆಣ್ಣುಮಕ್ಕಳು ಸೊಂಟದ ಮೇಲೆ ಹೊರುವ ಕೊಡಕ್ಕೆ 15 ಲೀಟರು ಹಿಡಿಯುತ್ತದೆಂದು ಇಟ್ಟುಕೊಂಡರೆ ಮೂವತ್ತಕ್ಕಿಂತ ಹೆಚ್ಚು ಕೊಡಗಳಾದವು. ಆ ಬಾವಿಯಾದರೋ ಇಳಿದು ಹತ್ತುವಂಥ ಬಾವಿ. ಅವಳು ನಡೆಯದೆ ಓಡಿದಳೆಂದು ವೇದದಲ್ಲಿ ಬರೆದದೆ. ಬಾವಿಗೆ ಹೋಗಿ ಬರುವ ಸಹೋದರಿಯರಿಗೆ ಈ ಲೆಕ್ಕದ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಪರದೇಶಿಯಾದ ಒಬ್ಬ ಸೇವಕನನ್ನೂ ಮೂಕಪ್ರಾಣಿಗಳನ್ನೂ ಕಂಡು ಅವಳ ಕಾಲು ತಾನಾಗಿ ಓಡಬೇಕಾದರೆ, ಅಂಥ ಓಟವು ಅದಕ್ಕೆ ಮೊದಲು ಎಷ್ಟೋ ಸಂಜೆ ನಡೆದಿರಬೇಕು.

ಇಲ್ಲಿ ಒಂದು ಮಾತನ್ನು ಮರೆಮಾಡಬಾರದು. ಅದೇ ಮನೆಯಲ್ಲಿ ಬೆಳೆದ ಅವಳ ಅಣ್ಣನಾದ ಲಾಬಾನನೂ ಆ ದಿನ ಬಾವಿಗೆ ಓಡಿಬಂದನು. ಆದರೆ ತಂಗಿಯ ಮೂಗುತಿಯನ್ನೂ ಕೈಬಳೆಗಳನ್ನೂ ನೋಡಿದ ಮೇಲೆ ಓಡಿಬಂದನು. ಒಂದೇ ಒಲೆಯ ರೊಟ್ಟಿ ತಿಂದ ಮಕ್ಕಳಲ್ಲಿ ಒಬ್ಬಳು ಹಾಗೆ, ಒಬ್ಬನು ಹೀಗೆ. ಆದಕಾರಣ ತಾಯಿತಂದೆಗಳು ಒಂದು ಮಗುವಿನ ನಿಮಿತ್ತ ಉಬ್ಬಲೂ ಬಾರದು, ಇನ್ನೊಂದರ ನಿಮಿತ್ತ ಎದೆಗೆಡಲೂ ಬಾರದು.

ಇನ್ನು ದನಕರುಗಳ ವಿಷಯ. ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದೆಂದು ದೇವರು ಧರ್ಮಶಾಸ್ತ್ರದಲ್ಲಿ ಅಪ್ಪಣೆಮಾಡಿದ್ದಾನೆ. ಗೂಡಿನಲ್ಲಿ ಮರಿಗಳ ಮೇಲೆ ಕುಳಿತಿರುವ ತಾಯಿಹಕ್ಕಿಯನ್ನು ಹಿಡಿಯಬಾರದೆಂದು ಸಹ ಅಪ್ಪಣೆಮಾಡಿದ್ದಾನೆ. ಲೋಕವನ್ನೆಲ್ಲಾ ಆಳುವಾತನು ಒಂದು ಹಕ್ಕಿಗೂಡಿನ ವಿಷಯದಲ್ಲಿ ಕಟ್ಟಳೆ ಬರೆಸಿದನೆಂಬದನ್ನು ಮಕ್ಕಳಿಗೆ ಹೇಳಿರಿ. ಅವರು ಕಣ್ಣರಳಿಸಿ ಕೇಳುತ್ತಾರೆ. ಆದರೆ ಹೇಳಿ ಬಿಟ್ಟುಬಿಡಬೇಡಿರಿ. ಉಳುಮೆಯಿಂದ ಎತ್ತು ಮನೆಗೆ ಬಂದಾಗ ಅದರ ಹೆಗಲ ಹುಣ್ಣನ್ನು ತೊಳೆದು ಎಣ್ಣೆ ಹಚ್ಚುವ ಕೆಲಸವನ್ನು ಮಗನ ಕೈಗೆ ಕೊಡಿರಿ. ಕರುವಿಗೆ ನೀರು ತೋರಿಸಿದ ಮೇಲೆಯೇ ತಟ್ಟೆಯ ಮುಂದೆ ಕುಳಿತುಕೊಳ್ಳುವ ರೂಢಿಯನ್ನು ಮನೆಯಲ್ಲಿ ಇಡಿರಿ. ಹುಣ್ಣನ್ನು ಮುಟ್ಟಿ ತೊಳೆದ ಹುಡುಗನು ಅದೇ ಹೆಗಲಿನ ಮೇಲೆ ಬಾರುಕೋಲು ಬೀಸಲು ಹಿಂದೆಗೆಯುವನು.

ಹಳ್ಳಿಯ ಹುಡುಗರು ಓತಿಕೇತಕ್ಕೆ ಕಲ್ಲು ಹೊಡೆಯುವದೂ, ಹಾರುವ ತುಂಬಿಯ ಬಾಲಕ್ಕೆ ದಾರ ಕಟ್ಟಿ ಆಡಿಸುವದೂ ಯಾರಿಗೆ ತಿಳಿಯದು? ನಾವೂ ಬಾಲ್ಯದಲ್ಲಿ ಮಾಡಿದವರೇ. ನಮ್ಮ ಸಭೆಗೆ ಸೇರಿದ ಒಬ್ಬ ವಿಧವೆಯು ತನ್ನ ಮೊಮ್ಮಗನು ಹೀಗೆ ಆಡುತ್ತಿರುವದನ್ನು ಕಂಡು ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ದಾರವನ್ನು ಅವನ ಕಾಲಿನ ಹೆಬ್ಬೆರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ತಾನು ಹಿಡಿದು, "ಒಳಗೆ ಬೆಲ್ಲ ಇಟ್ಟಿದ್ದೇನೆ, ಹೋಗಿ ತಿನ್ನು ಮಗಾ," ಎಂದಳು. ಹುಡುಗನು ಎರಡು ಹೆಜ್ಜೆ ಹೋಗುವನು, ಇವಳು ಎಳೆಯುವಳು. ಮೊದಲು ನಕ್ಕನು, ಆಮೇಲೆ ಸಿಟ್ಟಾದನು, ಆಮೇಲೆ ಸುಮ್ಮನೆ ಕುಳಿತು ಕೈಯೊಳಗಿನ ತುಂಬಿಯ ದಾರವನ್ನು ಬಿಚ್ಚಲಾರಂಭಿಸಿದನು. ಆಕೆಗೆ ಓದುಬರಹ ಬಾರದು. ಈ ಉಪಾಯವನ್ನು ನಮಗಂತೂ ಸೆಮಿನರಿಯಲ್ಲಿ ಯಾರೂ ಕಲಿಸಿರಲಿಲ್ಲ.

ಅಂಗಹೀನರನ್ನು ಅವರ ಊನದಿಂದಲೇ ಕರೆಯುವ ಕೆಟ್ಟ ಅಭ್ಯಾಸವು ನಮ್ಮ ಊರುಗಳಲ್ಲಿ ಬಹಳವಾಗಿದೆ. ಕಿವುಡನನ್ನು ಶಪಿಸಬಾರದು, ಕುರುಡನ ದಾರಿಯಲ್ಲಿ ತಡೆಯಿಡಬಾರದು ಎಂಬ ಆಜ್ಞೆಯು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ದೊಡ್ಡವರು ಹೆಸರು ಹಿಡಿದು, ಅಣ್ಣ ಅಕ್ಕ ಎಂದು ಕರೆದರೆ ಚಿಕ್ಕವರೂ ಹಾಗೆಯೇ ಕರೆಯುವರು. ಇದಕ್ಕೆ ಹೆಚ್ಚು ವಿವರ ಬೇಕಿಲ್ಲ.

ಹಿಡಿಯಕ್ಕಿಯ ವಿಷಯವಾಗಿ ಮಾತ್ರ ಸ್ವಲ್ಪ ಹೇಳಬೇಕಾಗಿದೆ. ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ದೇವರ ಪಾಲೆಂದು ತೆಗೆದಿಡುವ ಪದ್ಧತಿಯು ಅನೇಕ ಸಭೆಗಳಲ್ಲಿದೆ. ದೂರದ ಮಿಜೋ ಬೆಟ್ಟಗಳಲ್ಲಿ ಸಭೆಯ ಸ್ತ್ರೀಯರು 1910ರಲ್ಲಿ ಇದನ್ನು ಆರಂಭಿಸಿದರು. ಅದು ಇಂದಿಗೂ ಅಲ್ಲಿ ನಿಂತಿಲ್ಲ. ಈ ಹಿಡಿಯನ್ನು ತಾಯಂದಿರು ತಾವೇ ತೆಗೆಯದೆ ಮಗುವಿನ ಕೈಯಿಂದ ತೆಗೆಸಬೇಕೆಂದು ನಾವು ಬೇಡಿಕೊಳ್ಳುತ್ತೇವೆ. ಮಗುವಿನ ಮುಷ್ಟಿಯು ಚಿಕ್ಕದು, ಸಭೆಯ ಬೊಕ್ಕಸಕ್ಕೆ ನಷ್ಟವಾದೀತು, ಆಗಲಿ. ಇನ್ನೊಂದು ಮಾತನ್ನು ಕೋಪಮಾಡಿಕೊಳ್ಳದೆ ಕೇಳಿರಿ. ಹುಳಹಿಡಿದ ನುಚ್ಚನ್ನು ದೇವರ ಪಾತ್ರೆಗೆ ಹಾಕಿ, ಒಳ್ಳೆಯ ಅಕ್ಕಿಯನ್ನು ಒಲೆಯ ಮೇಲಿಡುವದನ್ನು ನಾವು ಕಂಡಿದ್ದೇವೆ. ಮಗುವೂ ಕಂಡಿರುತ್ತದೆ. ಐದು ಜವೆಗೋದಿಯ ರೊಟ್ಟಿ ಎರಡು ಮೀನುಗಳನ್ನು ತಂದಿದ್ದ ಹುಡುಗನ ತಾಯಿಯು ಯಾರೋ ನಮಗೆ ತಿಳಿಯದು. ಆದರೆ ತನ್ನ ಬುತ್ತಿಯನ್ನು ಇನ್ನೊಬ್ಬರ ಕೈಗೆ ಕೊಡುವದಕ್ಕೆ ಅಂಜದಂತೆ ಅವನನ್ನು ಯಾರೋ ಬೆಳೆಸಿದ್ದರು.

ನಮ್ಮಲ್ಲಿ ಹೊಟ್ಟೆಗಿಲ್ಲದವರು ಏನು ಕೊಟ್ಟಾರು ಎಂದು ಕೆಲವರು ಕೇಳುತ್ತಾರೆ. ಧಾತು ಈಶ್ವರ ಸಂವತ್ಸರಗಳ ಮಹಾ ಬರಗಾಲದಲ್ಲಿ (1876–78) ದಿಕ್ಕಿಲ್ಲದ ಮಕ್ಕಳಿಗಾಗಿ ಮಿಶನಿನವರು ಅನಾಥಾಲಯಗಳನ್ನು ತೆರೆದರು. ಆ ಮಕ್ಕಳ ಸಂತಾನದವರು ಇಂದು ನಮ್ಮ ಸಭೆಗಳಲ್ಲಿದ್ದಾರೆ. ಒಬ್ಬರು ಒಂದು ಬಟ್ಟಲು ಗಂಜಿಯನ್ನು ಕೈಗೆ ಕೊಟ್ಟದ್ದರಿಂದ ಇಂದು ಒಂದು ಮನೆತನವೇ ಇರುವದುಂಟು. ಹಿರಿಯರು ಇನ್ನೂ ಈ ಕಥೆಗಳನ್ನು ಬಲ್ಲವರಾಗಿದ್ದರೆ ಸಂಜೆ ದೀಪದ ಮುಂದೆ ಮಕ್ಕಳಿಗೆ ಹೇಳಲಿ. ಪಡೆದದ್ದನ್ನು ಅರಿಯದ ಮಗು ಕೊಡುವದನ್ನು ಕಲಿಯುವದು ಕಷ್ಟ.

ಬೆತ್ತದಿಂದ ದಯೆಯನ್ನು ಕಲಿಸಲಾಗುವದಿಲ್ಲ. ತಂಗಿಯನ್ನು ಹೊಡೆದದ್ದಕ್ಕಾಗಿ ಅಣ್ಣನನ್ನು ಹೊಡೆಯುವ ತಂದೆಯು, ದೊಡ್ಡವನು ಚಿಕ್ಕವನನ್ನು ಹೊಡೆಯಬಹುದೆಂಬದನ್ನೇ ಎರಡನೆಯ ಸಾರಿ ಕಲಿಸುತ್ತಾನೆ. ಮಕ್ಕಳನ್ನು ರೇಗಿಸಬಾರದು, ಅವರು ಮನಗುಂದಬಾರದು ಎಂದು ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಿಕೆಗಳಲ್ಲಿ ತಂದೆಗಳನ್ನೇ ಎಚ್ಚರಿಸುತ್ತಾನೆ. ಶಿಕ್ಷೆಯೇ ಬೇಡವೆಂದು ನಾವು ಹೇಳುವದಿಲ್ಲ. ಆದರೆ ತಪ್ಪು ನಮ್ಮದಾದಾಗ ಮಗುವಿನ ಮುಂದೆ ಅದನ್ನು ಒಪ್ಪಿಕೊಳ್ಳುವ ತಂದೆತಾಯಿಗಳು ಎಷ್ಟು ಮಂದಿ? ಆ ಮಧ್ಯಾಹ್ನ ನಮಗೂ ಅದು ಸುಲಭವಾಗಿರಲಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ, "ಮಗನೇ, ನೀನು ಮಾಡಿದ್ದು ನಮ್ಮನ್ನು ನೋಡಿ ಮಾಡಿದ್ದು, ತಪ್ಪು ನಿನ್ನದಲ್ಲ, ನಮ್ಮದು," ಎಂದು ಹೇಳಿದೆವು. ಹುಡುಗನು ತಲೆತಗ್ಗಿಸಿದನು. ಮನೆಯವರು ದೀಪದ ಬತ್ತಿಯನ್ನು ಸರಿಮಾಡುತ್ತಾ ಮುಖ ಆಚೆ ತಿರುಗಿಸಿಕೊಂಡರು.

ಅದಾದ ಮೇಲೆ ದೇವಾಲಯದ ಜಗಲಿಯಲ್ಲಿ ಒಂದು ಮಡಕೆ ನೀರನ್ನೂ ಎರಡು ಲೋಟಗಳನ್ನೂ ಇಡಿಸಿದೆವು. ವಾರಕ್ಕೊಂದು ಮನೆಯ ಮಕ್ಕಳು ಅದನ್ನು ತುಂಬಬೇಕು, ಬಂದವರಿಗೆ ಕೊಡಬೇಕು, ಲೋಟ ತೊಳೆಯಬೇಕು. ಹೊಸದಾಗಿ ಸಭೆಗೆ ಸೇರಿದ ಒಂದು ಮನೆಯವರ ಸರದಿ ಬಂದ ವಾರ, ಹಳೆಯ ಮನೆತನಗಳ ಇಬ್ಬರು ಮೂವರು ಬಾಯಾರಿಕೆಯಿಲ್ಲವೆಂದು ಹೇಳಿ ಹೋದರು. ಅವರ ಮಕ್ಕಳು ಕುಡಿದರು. ಇದರ ಮೇಲೆ ನಾವು ಇನ್ನೂ ಪ್ರಸಂಗ ಮಾಡಿಲ್ಲ. ಮಡಕೆಯೇ ಕೆಲವು ದಿನ ಮಾತಾಡಲಿ ಎಂದು ಸುಮ್ಮನಿದ್ದೇವೆ.

ಮಳೆ ಹಿಡಿಯುವ ಮೊದಲು ಪೊರಕೆಯ ಮುದುಕಿಯು ಮತ್ತೊಮ್ಮೆ ಬಂದಳು. ಈ ಸಾರಿ ನಮ್ಮ ಮಗನು ಯಾರೂ ಹೇಳದೆ ಲೋಟದಲ್ಲಿ ನೀರು ತಂದನು. ಆದರೆ ಅವಳು ಅದನ್ನು ಮುಟ್ಟಲಿಲ್ಲ. ಬೊಗಸೆಯನ್ನೇ ಒಡ್ಡಿ, "ಬ್ಯಾಡ ಬುದ್ಧೀ, ಹೊಯ್ಯಿರಿ," ಎಂದಳು. ಎಪ್ಪತ್ತು ವರುಷ ಹಾಗೆ ಕುಡಿದ ಕೈಗಳು. ಹುಡುಗನು ನಮ್ಮ ಕಡೆಗೆ ನೋಡಿದನು. ನಮಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಗ ಅವನು ಮೆಟ್ಟಿಲಿಳಿದು, ಲೋಟವನ್ನು ಅವಳ ಪಕ್ಕದಲ್ಲಿ ಜಗಲಿಯ ಅಂಚಿಗೆ ಇಟ್ಟು, ತಾನೂ ಅಲ್ಲಿಯೇ ಕುಳಿತು, ಒಂದು ಪೊರಕೆ ಕಟ್ಟಲು ಎಷ್ಟು ಗರಿ ಬೇಕಾಗುತ್ತದೆಂದು ಅವಳನ್ನು ಕೇಳಲಾರಂಭಿಸಿದನು. ಅವಳು ಹೇಳುತ್ತಾ ಹೇಳುತ್ತಾ ಲೋಟವನ್ನು ಎತ್ತಿ ಕುಡಿದಳು. ಕುಡಿದಾದ ಮೇಲೆ ಬೆಚ್ಚಿದವಳಂತೆ ಎದ್ದು, ತೊಳೆದುಕೊಡುವೆನು, ಬಚ್ಚಲು ಎಲ್ಲಿ ಎಂದಳು. "ಇಲ್ಲಿ ಕೊಡಿ ಅಜ್ಜೀ," ಎಂದು ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋದನು.

ಆ ರಾತ್ರಿ ಊಟಕ್ಕೆ ಕುಳಿತಾಗ ಹಲಗೆಯ ಮೇಲಿನ ಐದು ಲೋಟಗಳಲ್ಲಿ ಅದು ಯಾವದೆಂದು ನಾವು ನೋಡಿದೆವು. ಹಾಗೆ ನೋಡಿದೆವೆಂಬದನ್ನು ನಿಮ್ಮಿಂದ ಮುಚ್ಚಿಡುವದಿಲ್ಲ. ಗುರುತು ಸಿಕ್ಕಲಿಲ್ಲ.